ಹೊನ್ನಮಡುವಿನ ಸುಳ್ಳು ನೀರು

ನನಗೆ ದೆವ್ವ ಭೂತಗಳಲ್ಲಿ ನಂಬಿಕೆ ಇಲ್ಲ. ಭಯ ಇದೆ, ಅದು ಬೇರೆ ವಿಷಯ. ಅರಸೀಕೆರೆ ಕಡೆಯ ತೆಂಗಿನ ತೋಟದವರ ಮಗಳು ನಾನು, ಹೆಸರು ಉಷಾರಾಣಿ. ನಮ್ಮ ಕಡೆ ನೀರಿಗೇ ತತ್ವಾರ, ಇನ್ನು ನೀರಿನ ದೆವ್ವ ಎಲ್ಲಿಂದ ಬರಬೇಕು? ಬಿಕ್ಕೋಡಿನಾಚೆ ಹೊನ್ನಮಡು ಎಂಬ ಊರಿನ ಸರ್ಕಾರಿ ಶಾಲೆಗೆ ಟೀಚರಾಗಿ ಬಂದ ಮೇಲೆ ಅದೂ ಸಿಕ್ಕಿತು.

ಊರಿಗೆ ಆ ಹೆಸರು ಬಂದದ್ದು ಹಳ್ಳದ ಮಡುವಿನಿಂದ. ನರಸಿಂಹಸ್ವಾಮಿ ಗುಡಿಯ ಹಿಂದೆ ಹಳ್ಳ ಬಂಡೆಗಳ ನಡುವೆ ತಿರುಗಿ, ನಿಧಾನಿಸಿ, ಆಳವಾಗುತ್ತದೆ. ಅಲ್ಲಿ ತೋಳುದ್ದದ ಬಿಳಿಮೀನುಗಳಿವೆ. ದೇವರ ಮೀನು ಎಂದು ಯಾರೂ ಹಿಡಿಯುವುದಿಲ್ಲ, ಬಲೆ ತರುವುದಿಲ್ಲ, ಬೆರಳು ಚಾಚಿ ತೋರಿಸುವುದೂ ಇಲ್ಲ. ತೋರಿಸಲೇಬೇಕಾದರೆ ಮುಷ್ಟಿ ಮಡಚಿ ತೋರಿಸಬೇಕು. ಮೊದಲ ವರ್ಷ ನಾನು ಗೊತ್ತಿಲ್ಲದೆ ಬೆರಳು ಚಾಚಿ, ಇಡೀ ಊರಿನ ಹೆಂಗಸರಿಂದ ಬೈಸಿಕೊಂಡಿದ್ದೆ. ಗುಡಿಯ ನೈವೇದ್ಯದಲ್ಲಿ ಒಂದು ಪಾಲು ಆ ಮೀನುಗಳದ್ದು. ಊರಿನವರ ಇನ್ನೊಂದು ನಂಬಿಕೆಯೆಂದರೆ, ನೀರುಪಾಲಾಗಿ ದೇಹ ಸಿಗದೆ ಹೋದವರು ಮೀನಾಗಿ ಮಡುವಿನಲ್ಲೇ ಉಳಿಯುತ್ತಾರೆ, ಹೆಸರು ಹಿಡಿದು ಕರೆದರೆ ಮೇಲಕ್ಕೆ ಬರುತ್ತಾರೆ.

ಕಳೆದ ಆಷಾಢದಲ್ಲಿ ಅರ್ಚಕ ಯೋಗನರಸಿಂಹ ಅವರ ಒಬ್ಬಳೇ ಮಗಳು ಹಿತಾ ಹಾಗೆ ಹೋದಳು. ನನ್ನ ಏಳನೇ ಕ್ಲಾಸಿನ ಹುಡುಗಿ. ಶಾಲೆ ಬಿಟ್ಟು ಮನೆಗೆ ಬಂದವಳು ಯೂನಿಫಾರ್ಮಿನಲ್ಲೇ ಮೀನಿಗೆ ಹಾಕಲೆಂದು ಅನ್ನದ ತಟ್ಟೆ ಹಿಡಿದು ಮಡುವಿನ ಮೆಟ್ಟಿಲಿಗೆ ಹೋಗಿದ್ದಾಳೆ. ಹಳ್ಳ ಕೆಂಪಗೆ ಉಕ್ಕುತ್ತಿತ್ತು. ತಟ್ಟೆ ಮಾರನೆಯ ದಿನ ಕೆಳಗಿನ ಗದ್ದೆಯ ಬದುವಿನಲ್ಲಿ ಸಿಕ್ಕಿತು. ಮುಳುಗುಗಾರರು ಬಂದು ಕೆಸರು ನೀರಿನಲ್ಲಿ ಕೈಲಾದಷ್ಟು ತಡಕಿ, ದೊಡ್ಡ ಹೊಳೆ ಒಯ್ದಿರಬೇಕೆಂದು ಕೈಚೆಲ್ಲಿದರು.

ದೇಹ ಸಿಗದ ಕಾರಣ ಶಾಲೆಯ ಹಾಜರಿಯಿಂದ ಅವಳ ಹೆಸರು ತೆಗೆಯಲು ಆಗಲಿಲ್ಲ. ಹರ್ಷಿತಾ ಆದ ಮೇಲೆ ಹಿತಾ. ದಿನಾ ಹಾಜರಿ ಕರೆಯುವಾಗ ಆ ಒಂದು ಹೆಸರನ್ನು ಹಾರಿಸುತ್ತಿದ್ದೆ. ಕಾರ್ತಿಕದಲ್ಲೊಂದು ಬೆಳಗ್ಗೆ ಏನೋ ಯೋಚನೆಯಲ್ಲಿ ಕರೆದುಬಿಟ್ಟೆ. ಹಿಂದಿನ ಬೆಂಚಿನ ಕಡೆಯಿಂದ ತಣ್ಣಗೆ, "ಬಂದಿದೀನಿ ಮಿಸ್" ಅಂತ ಕೇಳಿಸಿತು. ಯಾರೇ ಅದು ಅಂತ ಗದರಿದೆ. ಯಾವ ಮಗುವೂ ನಗಲಿಲ್ಲ, ಯಾರೂ ಒಪ್ಪಿಕೊಳ್ಳಲಿಲ್ಲ. ಎಲ್ಲರೂ ಮಡುವಿನ ಕಡೆಯ ಕಿಟಕಿಯತ್ತ ತಿರುಗಿ ಕೂತಿದ್ದರು. ಯಾವುದೋ ತಲೆಹರಟೆ ಹುಡುಗಿಯ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವತ್ತಿನಿಂದ ಆ ಕಿಟಕಿಯನ್ನು ಮುಚ್ಚಿಸತೊಡಗಿದೆ.

ಹಿತಾಳ ತಾಯಿ ಶ್ರೀರಂಗಮ್ಮ ಅಳುವುದನ್ನು ನಾನು ನೋಡಿಲ್ಲ. ನೋಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವರು ದಿನಾ ಸಂಜೆ ಅನ್ನ ಕಲಸಿಕೊಂಡು ಮೆಟ್ಟಿಲಿಗೆ ಬಂದು ಕೂತು, ಅಂಗಳದಲ್ಲಿ ಆಡುವ ಮಗುವನ್ನು ಕರೆಯುವಂತೆ, "ಹಿತಾ, ಊಟಕ್ಕೆ ಬಾಮ್ಮ" ಎಂದು ಕರೆಯುತ್ತಿದ್ದರು. ಮೀನುಗಳು ಬರುತ್ತಿದ್ದವು. ಅನ್ನ ಹಾಕಿದರೆ ಯಾವ ಮೀನಾದರೂ ಬರುತ್ತದೆ, ಅದಕ್ಕೆ ಪವಾಡ ಬೇಕಿಲ್ಲ. ಆದರೆ ಅವುಗಳಲ್ಲಿ ಒಂದು, ಕಣ್ಣಿನ ಮೇಲೆ ಬಿಳಿ ಕಲೆ ಇದ್ದದ್ದು, ಅನ್ನ ಬೀಳುವ ಮೊದಲೇ ಬಂದು ಮೆಟ್ಟಿಲಿಗೆ ಮೂತಿ ತಾಗಿಸಿಕೊಂಡು ನಿಲ್ಲುತ್ತಿತ್ತು. ಅನ್ನ ತಿನ್ನುತ್ತಿರಲಿಲ್ಲ. ಅವರು ಎದ್ದು ಹೋಗುವವರೆಗೂ ನಿಂತೇ ಇರುತ್ತಿತ್ತು.

ಮಗಳಿಗೆ ದರ್ಭೆಯ ಗೊಂಬೆ ಮಾಡಿ ಕರ್ಮ ಮುಗಿಸೋಣ ಎಂದು ಯೋಗನರಸಿಂಹ ಒಮ್ಮೆ ಹೇಳಿದ್ದರಂತೆ. ಬದುಕಿರೋಳಿಗೆ ಯಾರಾದ್ರೂ ಪಿಂಡ ಇಡ್ತಾರಾ ಎಂದು ಶ್ರೀರಂಗಮ್ಮ ಎರಡು ದಿನ ಒಲೆ ಹಚ್ಚಲಿಲ್ಲವಂತೆ. ಆಮೇಲೆ ಆ ಮಾತು ಆ ಮನೆಯಲ್ಲಿ ಏಳಲಿಲ್ಲ. ಊರಿನವರ ತಿಥಿಗಳನ್ನೆಲ್ಲ ಮಾಡಿಸುವ ಮನುಷ್ಯ ಸ್ವಂತ ಮಗಳಿಗೆ ಒಂದು ಹನಿ ತರ್ಪಣ ಬಿಡಲಾಗದೆ ಓಡಾಡುತ್ತಿದ್ದರು.

ಇಷ್ಟರಲ್ಲಿ ಹೇಮಾವತಿ ಜಲಾನಯನಕ್ಕೆ ಹೊಸ ಯೋಜನೆ ಮಾಡುತ್ತಾರೆ ಎಂಬ ಸುದ್ದಿ ಬಂತು. ಮೇಲಿನ ಹಳ್ಳಗಳಿಗೆ ಅಲ್ಲಲ್ಲಿ ಒಡ್ಡು ಕಟ್ಟಿ, ನೀರನ್ನು ಪೈಪಿನಲ್ಲಿ ಅರಸೀಕೆರೆ ಕಡೆಯ ಕೆರೆಗಳಿಗೆ ತುಂಬಿಸುವುದು. ಎಷ್ಟು ನೀರು ಒಯ್ಯಬಹುದು, ಹಳ್ಳಕ್ಕೆ ಎಷ್ಟು ಬಿಡಬೇಕು ಎಂದು ತೀರ್ಮಾನಿಸಲು ಬೇಸಿಗೆಯಲ್ಲಿ ಒಂದೊಂದು ಮಡುವಿನ ಆಳವನ್ನೂ ಅಳೆಯುತ್ತಾರೆ ಎಂದರು. ಸುದ್ದಿ ನಮ್ಮೂರಿಗೆ ನನಗಿಂತ ಮೊದಲೇ ಮುಟ್ಟಿತ್ತು. ನನ್ನ ತಮ್ಮ ಹೇಮಂತ್ ಫೋನ್ ಮಾಡಿ, "ಅಕ್ಕಾ, ನಿಮ್ಮ ಹಳ್ಳದ ನೀರು ನಮ್ಮ ಕೆರೆಗೆ ಬರ್ತದಂತೆ! ನೀನು ಅಲ್ಲಿಗೆ ಹೋಗಿದ್ದಕ್ಕೂ ಸಾರ್ಥಕ ಆಯ್ತು ಬಿಡು" ಎಂದ. ನನಗೂ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತವರಿನ ಕೆರೆ ತುಂಬುತ್ತದೆಂದರೆ ಯಾವ ಹೆಣ್ಣುಮಗಳಿಗೆ ಖುಷಿಯಾಗುವುದಿಲ್ಲ?

ಯುಗಾದಿಗೆ ತವರಿಗೆ ಹೋದೆ. ಹೋಗುವಾಗ ಮಡು ಇಳಿಯುತ್ತಿತ್ತು. ಆ ವರ್ಷ ಹೂಮಳೆ ಬಂದಿರಲಿಲ್ಲ. ಎಸ್ಟೇಟಿನವರು ಕಾಫಿ ಹೂವಿಗೆಂದು ಹಳ್ಳಕ್ಕೆ ಪಂಪು ಇಟ್ಟಿದ್ದರು. ಮೆಟ್ಟಿಲುಗಳು ಒಂದೊಂದಾಗಿ ಬಿಸಿಲಿಗೆ ಬರುತ್ತಿದ್ದವು. ಹಬ್ಬ ಮುಗಿಸಿ, ಬೇಲೂರಿನಲ್ಲಿ ಬಸ್ಸು ಬದಲಾಯಿಸಿ, ಜೀಪಿನಲ್ಲಿ ನುಜ್ಜುಗುಜ್ಜಾಗಿ ವಾಪಸ್ಸು ಬಂದು ನೋಡಿದರೆ ಮಡು ತುಂಬಿ ತುಳುಕುತ್ತಿದೆ! ಮೇಲಿಂದ ಬರುವ ಹಳ್ಳ ದಾರದಷ್ಟು ತೆಳ್ಳಗೆ, ಕೆಳಗಿನ ಹಳ್ಳ ಪೂರ್ತಿ ಒಣಗಿ ಬೆಳ್ಳಗೆ, ನಡುವೆ ಮಡು ಮಾತ್ರ ಶ್ರಾವಣದ ಹಾಗೆ.

ಮಡುವಿನ ಕೆಳಗಿನ ಬಾಯಿಗೆ ಹೋದಾಗ ಗುಟ್ಟು ಕಣ್ಣಿಗೇ ಬಿತ್ತು. ಅಲ್ಲಿ ಬಂಡೆ ಇಲ್ಲ, ಗುಂಡುಕಲ್ಲು ಮತ್ತು ಗರಸು. ಬೇಸಿಗೆಯಲ್ಲಿ ನೀರು ಅದರೊಳಗೆ ಸೋರಿ ಹೋಗುತ್ತದೆ. ಈಗ ಅದಕ್ಕೆ ನೀಲಿ ಟಾರ್ಪಾಲು ಹಾಸಿ, ಗೊಬ್ಬರದ ಚೀಲಗಳಲ್ಲಿ ಮಣ್ಣು ತುಂಬಿ, ಮೇಲಿಂದ ಕೆಳಗೆ ಒತ್ತಾಗಿ ಕಟ್ಟಿದ್ದರು. ಹೊರಗಿನವರಿಗೆ ಕಾಣದಂತೆ ಲಕ್ಕಿಸೊಪ್ಪು ಬೇರೆ ಮುಚ್ಚಿದ್ದರು. ಗುಡಿ ಸಮಿತಿಯ ಹಿರಿಯ ಕರಿಬಸವಯ್ಯನವರು ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಏನಿದು ಗೌಡ್ರೆ ಎಂದು ಕೇಳಿದೆ.

"ಅಳೆಯೋ ಸಾಹೇಬ್ರು ಬತ್ತಾರೆ ಅಂತ ಗೊತ್ತಾಯ್ತು ಮೇಡಮ್ನೋರೆ. ಮೊಣಕಾಲುದ್ದ ನೀರು ತೋರ್ಸಿ ಇದು ದೇವ್ರ ಮಡು ಅಂತ ಹೆಂಗೆ ಹೇಳದು? ದೇವ್ರಿಗೂ ಒಂದು ಮಾನ ಮರ್ಯಾದೆ ಐತಲ್ಲ. ಎಸ್ಟೇಟ್ನೋರಿಗೆ ಕೈ ಮುಗ್ದು ವಾರ ಪಂಪ್ ನಿಲ್ಸಿದ್ವಿ. ಮನೆಗೊಂದಾಳು ಬಂದ್ರು. ಸಾಹೇಬ್ರು ನೋಡಿ ಬಾಳ ಸಂತೋಷಪಟ್ರು."

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ ನಿಮ್ಮ! ಅವರು ನೋಡಕ್ಕೆ ಬಂದಿದ್ದು ಮಡುಗೆ ಎಷ್ಟು ನೀರು ಬೇಕು ಅಂತ. ತುಂಬಿದ ಮಡು ತೋರ್ಸಿದ್ರೆ ಇದಕ್ಕೆ ನೀರೇ ಬೇಡ ಅಂತ ಬರ್ಕೊಂಡು ಹೋಗ್ತಾರೆ ಕಣ್ರೀ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!"

ಕರಿಬಸವಯ್ಯ ಅಗಿಯುವುದನ್ನು ನಿಲ್ಲಿಸಿದರು. ಆ ಕಡೆಯಿಂದ ಅವರು ಯೋಚಿಸಿಯೇ ಇರಲಿಲ್ಲ. ಮನೆಗೆ ನೆಂಟರು ಬಂದರೆ ಸಾಲದ ಅಕ್ಕಿಯಾದರೂ ತಂದು ಪಾಯಸ ಮಾಡುವ ಜನ, ದೇವರ ಮನೆಗೆ ಬಂದವರಿಗೆ ಖಾಲಿ ಮಡು ತೋರಿಸುವುದು ಹೇಗೆ?

ನನ್ನ ಬಾಯಿ ಹಾಳಾಗಲಿ, ಆಡಿದ ಹಾಗೆಯೇ ಆಯಿತು. ಮೂರು ವಾರಕ್ಕೆ ಕರಡು ಯೋಜನೆ ಪಂಚಾಯಿತಿಗೆ ಬಂತು. ಹೊನ್ನಮಡುವಿನ ಎದುರು, ಕಡು ಬೇಸಿಗೆಯಲ್ಲೂ ಆಳ ಸಾಕಷ್ಟಿದೆ, ಮೀನುಗಳಿಗೆಂದು ಪ್ರತ್ಯೇಕ ನೀರು ಬಿಡುವ ಅಗತ್ಯವಿಲ್ಲ ಎಂದಿತ್ತು. ಮಡುವಿನ ಮೇಲ್ಗಡೆಯೇ ಒಡ್ಡು. ಬರುವ ವರ್ಷದಿಂದ ಯುಗಾದಿಯ ಮೊದಲೇ ದಾರದಷ್ಟು ನೀರೂ ಪೈಪಿನ ಪಾಲು. ಟಾರ್ಪಾಲು ಹಾಸಿ ಹಿಡಿಯುವುದಕ್ಕೂ ಆಗ ಏನೂ ಇರುವುದಿಲ್ಲ. ಆಕ್ಷೇಪಣೆ ಇದ್ದವರು ಬೇಲೂರಿನ ಸಭೆಗೆ ಬಂದು ಹೇಳಬಹುದೆಂದಿತ್ತು.

ಕಟ್ಟೆ ಒಡೆದು ನಿಜ ತೋರಿಸೋಣ ಎಂದು ಕರಿಬಸವಯ್ಯನವರ ಬೆನ್ನು ಬಿದ್ದೆ. ಅವರು ತಲೆ ತಗ್ಗಿಸಿಕೊಂಡು, "ಆ ತಾಯಿ ಒಪ್ಪಿದ್ರೆ ನಾಳೆನೇ ಒಡೀತೀನಿ. ಮೊದಲ್ನೇ ಚೀಲ ತಂದಾಕಿದ್ದೇ ಅವ್ರು" ಎಂದರು. ನನಗೆ ಆಗ ಅರ್ಥವಾಗಲಿಲ್ಲ. ಅರ್ಚಕರ ಹೆಂಡತಿ ಮಣ್ಣಿನ ಚೀಲ ಹೊರುವುದೆಂದರೇನು?

ಸಂಜೆ ಮೆಟ್ಟಿಲಿಗೆ ಹೋದೆ. ಶ್ರೀರಂಗಮ್ಮ ಕೂತಿದ್ದರು. ಬಿಳಿ ಕಲೆಯ ಮೀನು ಎಂದಿನ ಜಾಗದಲ್ಲಿ ನಿಂತಿತ್ತು. ನಾನು ಮೇಲಿನ ಮೆಟ್ಟಿಲಲ್ಲೇ ಕೂತು, ಯೋಜನೆ, ಒಡ್ಡು, ಬರುವ ವರ್ಷದ ಗತಿ, ಎಲ್ಲವನ್ನೂ ಹೇಳಿದೆ. ಅವರು ತುತ್ತು ಉಂಡೆ ಕಟ್ಟುತ್ತಲೇ ಕೇಳಿಸಿಕೊಂಡರು.

"ಮೇಡಂ, ಮಡು ಇಳಿದ್ರೆ ತಳ ಕಾಣತ್ತೆ" ಎಂದರು.

"ಕಾಣ್ಲಿ ಅಂತಾನೇ ಅಲ್ವಾ ಅಮ್ಮ..."

"ತಳದಲ್ಲಿ ಏನಿರತ್ತೆ?"

ಅಲ್ಲಿಯವರೆಗೆ ಒಂದು ಸಲವೂ ನನಗೆ ಅದು ಹೊಳೆದಿರಲಿಲ್ಲ. ಹೊಳೆ ಒಯ್ದಿದೆ ಎಂದು ಎಲ್ಲರೂ ಹೇಳಿದ್ದರು. ಎಲ್ಲರೂ ನಂಬಿದ್ದೆವು. ಈ ಹೆಂಗಸು ಮಾತ್ರ ನಂಬಿರಲಿಲ್ಲ.

"ಯುಗಾದಿ ಹೊತ್ತಿಗೆ ನೀರು ಇಳೀತಾ ಇಳೀತಾ ಆ ದೊಡ್ಡ ಬಂಡೆ ಕತ್ತಿನವರೆಗೆ ಬಂದಿತ್ತು" ಎಂದು ಅವರು ಮುಷ್ಟಿ ಮಡಚಿ ಎದುರಿನ ಬಂಡೆಯನ್ನು ತೋರಿಸಿದರು. "ಅದರ ಕೆಳಗೆ ಗವಿ ಇದೆ. ಮೀನುಗಳೆಲ್ಲ ಅಲ್ಲಿಗೇ ಹೋಗ್ತವೆ, ಅಲ್ಲಿಂದಲೇ ಬರ್ತವೆ. ನಾನು ದಿನಾ ನೋಡ್ತೀನಲ್ಲ. ನೀರು ಇದ್ರೆ ನನ್ನ ಮಗಳು ಇವತ್ತೂ ಊಟಕ್ಕೆ ಬರ್ತಾಳೆ. ನೀರು ಇಳಿದ್ರೆ ಏನು ಬರತ್ತೆ ಮೇಡಂ? ನೀವೇ ಹೇಳಿ."

ಈ ಮೀನುಗಳು ಕಳೆದ ಆಷಾಢದಿಂದ ಈಚೆಗೆ ಎಷ್ಟು ಕೊಬ್ಬಿವೆ ಎಂದು ಊರಿನ ಹೆಂಗಸರು ಮೆಚ್ಚಿ ಮಾತಾಡಿದ್ದು ಆ ಗಳಿಗೆಯಲ್ಲೇ ನೆನಪಾಗಬೇಕೆ? ನೀರಿನೊಳಗಿನ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಎದ್ದು ಬಂದೆ. ಮನೆ ಸೇರುವವರೆಗೂ ಬೆನ್ನ ಹಿಂದೆ ಒದ್ದೆ ಕಾಲಿನ ಸಪ್ಪಳ ಕೇಳಿಸುತ್ತಿತ್ತು. ಹಿಂತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಸಭೆಯ ಹಿಂದಿನ ದಿನ ಯೋಗನರಸಿಂಹ ಶಾಲೆಯ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ನಾಳೆ ಬೇಲೂರಿಗೆ ಅವಳೂ ಬರ್ತಾಳಂತೆ" ಎಂದರು. "ನಾನು ಏನೂ ಹೇಳಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಮಡು ಇಳೀಲಿ ಅಂತ ನಾನು ದಿನಾ ಸ್ವಾಮಿ ಮುಂದೆ ಕೇಳ್ಕೋತಿದ್ದೆ. ತಂದೆ ಆದವನು ಕೇಳೋ ಮಾತಾ ಅದು? ಆದ್ರೂ ಕೇಳ್ಕೋತಿದ್ದೆ. ನಿನ್ನೆ ನಾನು ಮಂಗಳಾರತಿ ಮಾಡ್ತಿದ್ದಾಗ ಅವಳು ಹಿಂದಿನಿಂದ, 'ಬರೋ ವರ್ಷ ಹೇಗೂ ಮಡು ಒಣಗತ್ತಂತೆ, ಮೀನೂ ಉಳಿಯಲ್ವಂತೆ. ನಿಮ್ಮ ಸ್ವಾಮಿ ನಿಮ್ಮ ಮಾತೇ ನಡೆಸಿಕೊಡ್ತಾನೆ ಬಿಡಿ' ಅಂದಳು." ಅಷ್ಟು ಹೇಳಿ ಆ ದೊಡ್ಡ ಮನುಷ್ಯ ಶಾಲೆಯ ಕಂಬ ಹಿಡಿದುಕೊಂಡು ಅತ್ತರು.

ಬೇಲೂರಿನ ಸಭಾಂಗಣದಲ್ಲಿ ಜನವೋ ಜನ. ನಮ್ಮ ಅರಸೀಕೆರೆ ಕಡೆಯವರು ಮುಂದಿನ ಸಾಲುಗಳನ್ನೆಲ್ಲ ಹಿಡಿದಿದ್ದರು. ನಮಗೆ ಎಷ್ಟು, ಯಾವಾಗ, ಯಾವ ಕೆರೆಗೆ ಮೊದಲು ಎಂದು ಕೂಗಾಟ. ತಪ್ಪೇನಿಲ್ಲ, ಬಾಯಾರಿದವರಿಗೆ ಸಂಯಮ ಹೇಳುವುದು ಸುಲಭ. ಮಡುಗಳ ಅಳತೆ ಮಾಡಿದವನು ನಂದಕಿಶೋರ್ ಎಂಬ ಹಳೇಬೀಡಿನ ಹುಡುಗ, ಮೂವತ್ತೂ ಆಗಿರಲಿಕ್ಕಿಲ್ಲ. ಗಲಾಟೆ ಇಳಿದ ಮೇಲೆ ಎದ್ದು ನಿಂತು ಮೀನಿನ ವಿಷಯ ಹೇಳಿದ. ಬೇಸಿಗೆಯಲ್ಲಿ ಹೊಳೆ ಒಣಗಿದಾಗ ಮೀನು ಉಳಿಯುವುದು ಮಡುಗಳಲ್ಲಿ, ಮಳೆ ಬಂದ ಮೇಲೆ ಇಡೀ ಹೊಳೆಗೆ ಹರಡುವುದು ಅಲ್ಲಿಂದಲೇ, ರೈತ ಎಷ್ಟೇ ಹಸಿದರೂ ಬಿತ್ತನೆ ಬೀಜ ಬೇಯಿಸಿಕೊಳ್ಳುವುದಿಲ್ಲ, ಮಡು ಅಂದರೆ ಹೊಳೆಯ ಬಿತ್ತನೆ ಬೀಜ ಎಂದ. ಯಾರೋ ಶಿಳ್ಳೆ ಹೊಡೆದರು. ಹುಡುಗನ ಮುಖ ಕೆಂಪಾದರೂ ನಿಲ್ಲಿಸಲಿಲ್ಲ. "ಹೊನ್ನಮಡು ನೋಡಿ ಸಮಾಧಾನ ಆಯ್ತು. ಅಷ್ಟೊಂದು ದೊಡ್ಡ ಬಿಳಿಮೀನು ಇರೋ ಮಡು ಈ ಕಡೆ ಇನ್ನೊಂದಿಲ್ಲ. ಪುಣ್ಯಕ್ಕೆ ಅಲ್ಲಿ ನೀರಿಗೆ ಕೊರತೆ ಇಲ್ಲ" ಎಂದ.

ಕರಿಬಸವಯ್ಯ ಏಳಲಿಲ್ಲ. ನಾನು ಏಳುವಷ್ಟರಲ್ಲಿ ಶ್ರೀರಂಗಮ್ಮ ಎದ್ದಿದ್ದರು.

"ಆ ನೀರು ಸುಳ್ಳು" ಎಂದರು. ಮೈಕು ಇಲ್ಲದೆಯೂ ಕೊನೆಯ ಸಾಲಿಗೆ ಕೇಳಿಸಿತು. "ನೀವು ಬರ್ತೀರಿ ಅಂತ ನಾವು ಕಟ್ಟೆ ಕಟ್ಟಿದ್ವಿ. ಬೇಸಿಗೇಲಿ ನಮ್ಮ ಮಡು ಇಳಿಯತ್ತೆ. ತುಂಬ ಇಳಿಯತ್ತೆ."

ಸಭೆ ಗುಜುಗುಜು ಎಂದಿತು. ನಂದಕಿಶೋರ್ ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಅವನು ಹೆದರಿದ. ಬಾಯಿಮಾತಿನ ಮೇಲೆ ಅಂಕಿ ಬದಲಾಯಿಸಲು ಆಗುವುದಿಲ್ಲ ಅಮ್ಮ, ಕಟ್ಟೆ ತೆಗೆದು, ನೀರು ತಾನಾಗಿ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಯವರೆಗೆ ಇಳಿಸಿ ಅಳೆಯಬೇಕು, ಅದೂ ಮಳೆ ಬೀಳುವ ಮೊದಲು, ಒಂದು ಮಳೆ ಬಿದ್ದರೆ ಈ ವರ್ಷದ ಅಳತೆ ಹೋಯಿತು, ಯೋಜನೆ ಹೀಗೆಯೇ ಅಂತಿಮವಾಗುತ್ತದೆ ಎಂದ. ಅವತ್ತು ಬೇಲೂರಿನಲ್ಲಿ ಮೋಡ ಕಟ್ಟಿತ್ತು.

"ನಾಳೆ ಬೆಳಗ್ಗೆ ಬನ್ನಿ" ಎಂದು ಹೇಳಿ ಅವರು ಕೂತರು. ಬಸ್ಸಿನಲ್ಲಿ ಬಿಕ್ಕೋಡಿನವರೆಗೆ ನನ್ನ ಪಕ್ಕದಲ್ಲೇ ಕೂತು ಕಿಟಕಿಯಾಚೆಯ ಮೋಡ ನೋಡುತ್ತಿದ್ದರು. ಹೇಮಂತ್ ಫೋನ್ ಮೇಲೆ ಫೋನ್ ಮಾಡಿದ. "ಮೀನಿಗೋಸ್ಕರ ನಮ್ಮ ಕೆರೆ ನೀರಲ್ಲಿ ಪಾಲು ಕೇಳ್ತಿದೀರಂತಲ್ಲಕ್ಕಾ, ತವರಿನ ಬಾಯಿಗೆ ಮಣ್ಣು ಹಾಕ್ತೀಯಾ?" ಎಂದ. "ಮೀನಿನ ಪಾಲು ತಿಂದು ತುಂಬೋ ಕೆರೆ ನನಗೆ ಬೇಡ ಕಣೋ, ಇಡು ಫೋನು" ಎಂದೆ. ತಮ್ಮನ ಮೇಲಿನ ಸಿಟ್ಟಿಗಿಂತ ನಾಳೆ ಏನು ಕಾಣುತ್ತದೋ ಎಂಬ ಭಯವೇ ಹೆಚ್ಚಾಗಿತ್ತು.

ಬೆಳಗ್ಗೆ ಮೋಡ ಇನ್ನೂ ಹಾಗೇ ಇತ್ತು, ಮಳೆ ಬಿದ್ದಿರಲಿಲ್ಲ. ಮಕ್ಕಳನ್ನು ಯಾರೂ ಹೊರಗೆ ಬಿಡಬೇಡಿ ಎಂದು ಮನೆಮನೆಗೆ ಹೇಳಿ ಬಂದೆ. ನಂದಕಿಶೋರ್ ಬಂಡೆಗೆ ಅಳತೆಪಟ್ಟಿ ಬಿಗಿದ. ಅವನಿಗೆ ಹಿತಾಳ ವಿಷಯ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವನು ಪಟ್ಟಿಯನ್ನೂ ನನ್ನನ್ನೂ ನೋಡಿ, "ಬೇಡ ಮೇಡಂ, ಬೇರೆ ದಾರಿ ಹುಡುಕೋಣ" ಎಂದ. ಅಷ್ಟರಲ್ಲಿ ಶ್ರೀರಂಗಮ್ಮ ತಾವೇ ಕಟ್ಟೆಯ ಮೊದಲ ಚೀಲ ಎಳೆದು ಹಾಕಿದ್ದರು. ಉಳಿದದ್ದನ್ನು ಕರಿಬಸವಯ್ಯನವರೂ ಊರಿನ ಗಂಡಸರೂ ತೆಗೆದರು. ಟಾರ್ಪಾಲು ಎಳೆದೊಡನೆ ನೀರು ಗರಸಿನೊಳಗೆ ಯಾರೋ ಗಟಗಟ ಕುಡಿದಂತೆ ಇಳಿಯತೊಡಗಿತು.

ನೀರು ಇಳಿಯುವುದನ್ನು ಕೂತು ನೋಡುವುದು ಬಹಳ ಕಷ್ಟ. ಮೊದಲು ಮೆಟ್ಟಿಲುಗಳು ಕಂಡವು, ಪಾಚಿ ಕಟ್ಟಿದ ಅರಿಸಿನ ಕುಂಕುಮದ ಕಲ್ಲುಗಳು ಕಂಡವು, ಹಳೆಯ ಹಣತೆಗಳು, ತೆಂಗಿನ ಚಿಪ್ಪುಗಳು. ಕೊಳೆತ ಹೂವಿನ ವಾಸನೆ ಎದ್ದಿತು. ದೊಡ್ಡ ಬಂಡೆಯ ಕತ್ತು, ಭುಜ, ಆಮೇಲೆ ಅದರಡಿಯ ಗವಿಯ ಬಾಯಿ ಕಪ್ಪಗೆ ತೆರೆದುಕೊಂಡಿತು. ಹರಡಿಕೊಂಡಿದ್ದ ಮೀನುಗಳೆಲ್ಲ ಹಿಂದೆ ಸರಿಯುತ್ತಾ ಅದರ ಮುಂದಿನ ಗುಂಡಿಗೆ ಸೇರಿದವು. ನೀರು ಅವುಗಳ ಬೆನ್ನು ಮುಚ್ಚುವಷ್ಟೂ ಇರಲಿಲ್ಲ. ಒಂದರ ಮೇಲೊಂದು ಬಿದ್ದು ಬಾಯಿ ತೆರೆದು ಮುಚ್ಚುತ್ತಿದ್ದವು. ಎಲ್ಲವೂ ಗವಿಯ ಕಡೆಗೇ ತಲೆ ಮಾಡಿದ್ದವು. ಯಾರೋ ಗವಿಯ ಒಳಗಿನಿಂದ ಅವನ್ನು ಕರೆದ ಹಾಗಿತ್ತು. ನನಗೆ ಕರೆದದ್ದು ಕೇಳಿಸಿತು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ಕೇಳಿಸಿತು.

ಯೋಗನರಸಿಂಹ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದರು. ಮೀನುಗಳು ಅವರ ಕಾಲಿಗೆ ತಾಗುತ್ತಿದ್ದರೂ ಸರಿಯಲಿಲ್ಲ. ಅವರು ಬಗ್ಗಿ ಗವಿಯೊಳಗೆ ನೋಡಿದರು. ಹಾಗೆಯೇ ಮಂಡಿಯೂರಿ ಕೂತುಬಿಟ್ಟರು.

ನೀಲಿ ಬಟ್ಟೆ. ನಮ್ಮ ಶಾಲೆಯ ಯೂನಿಫಾರ್ಮು. ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಕೆಂಪು ರಿಬ್ಬನ್ನು. ಬಟ್ಟೆಯೊಳಗೆ ಏನು ಉಳಿದಿತ್ತೆಂದು ನಾನು ಬರೆಯಲಾರೆ. ಬಿಳಿ ಕಲೆಯ ಮೀನು ಅದಕ್ಕೆ ಮೂತಿ ಒತ್ತಿಕೊಂಡು ಏದುಸಿರು ಬಿಡುತ್ತಿತ್ತು.

ನಾನು ಗಟ್ಟಿಯಾಗಿ ಅತ್ತೆ. ಆ ಗಳಿಗೆಯಲ್ಲಿ ನನಗೆ ಎಲ್ಲರ ಮೇಲೂ ದ್ವೇಷ ಬಂತು. ಮಾನ ಮರ್ಯಾದೆಯ ಕರಿಬಸವಯ್ಯ, ಪಟ್ಟಿ ಹಿಡಿದು ಬಂದ ಹುಡುಗ, ನಮ್ಮೂರಿನ ತೆಂಗಿನ ಮರಗಳು, ಕಟ್ಟೆ ಒಡೆಯೋಣ ಎಂದ ನಾನು. ಏನೂ ಮುಟ್ಟದೆ ಬಿಟ್ಟಿದ್ದರೆ ಈ ತಾಯಿಗೆ ಇನ್ನೊಂದು ವರ್ಷವಾದರೂ ಮಗಳು ಇರುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ಬಂದ ಬುದ್ಧಿ ಇಷ್ಟು ಕ್ರೂರವಾಗಿರುತ್ತದೆಂದು ಯಾರೂ ಹೇಳುವುದಿಲ್ಲ.

ನಂದಕಿಶೋರ್ ಮುಖ ತಿರುಗಿಸಿ ನಿಂತಿದ್ದ. ಕೈಯಲ್ಲಿದ್ದ ಪೆನ್ಸಿಲು ಕೆಸರಿಗೆ ಬಿದ್ದಿತ್ತು. "ಕಟ್ಟೆ ಹಾಕಿಬಿಡಿ, ಸಾಕು, ಮುಚ್ಚಿಬಿಡಿ" ಎಂದು ಗಂಡಸರಿಗೆ ಹೇಳಿದ. ಅವರು ಚೀಲ ಎತ್ತಿಕೊಂಡರು.

ಶ್ರೀರಂಗಮ್ಮ ಕೊನೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಆಮೇಲೆ ಈ ಕಡೆ ತಿರುಗಿ, "ಅಳತೆ ಆಯ್ತೇನಪ್ಪ?" ಎಂದರು.

"ಇಲ್ಲಮ್ಮ. ಈಗ ಬೇಡ. ಆಮೇಲೆ ನೋಡೋಣ."

"ಆಮೇಲೆ ಅಂದ್ರೆ? ಇನ್ನೊಂದು ಸಲ ಇಳಿಸ್ತೀರಾ?"

ಚೀಲ ಎತ್ತಿದ್ದವರು ಎತ್ತಿದ ಹಾಗೇ ನಿಂತರು. ಗುಂಡಿಯಲ್ಲಿ ಮೀನುಗಳು ಬಡಿದುಕೊಳ್ಳುತ್ತಿದ್ದವು. ಶ್ರೀರಂಗಮ್ಮ ಕೆಳಗೆ ಬಗ್ಗಿ ಪೆನ್ಸಿಲು ಎತ್ತಿ, ಸೆರಗಿನಲ್ಲಿ ಕೆಸರು ಒರೆಸಿ, ಅವನ ಕೈಗೆ ಕೊಟ್ಟರು.

"ಆ ಕಡೆ ನೋಡಬೇಡಪ್ಪ, ಪಟ್ಟಿ ನೋಡು" ಎಂದರು. "ನನ್ನ ಮಗಳು ಸತ್ತುಹೋಗಿದಾಳೆ. ಅವು ಬದುಕಿವೆ, ಉಸಿರು ಕಟ್ತಾ ಇದೆ ಅವಕ್ಕೆ. ಬೇಗ ಬರ್ಕೋ."

ನಂದಕಿಶೋರ್ ಕಣ್ಣೊರೆಸಿಕೊಂಡು ಪಟ್ಟಿಯ ಹತ್ತಿರ ಬಗ್ಗಿದ, ನೀರು ನಿಂತ ಜಾಗವನ್ನು ನೋಡಿ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದಿದ.